ಎಡಿಸನ್ ಪರಿಣಾಮ

ಎಡಿಸನ್ ಪರಿಣಾಮ: ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದು ಬೆಳಗುತ್ತಿರುವ ತಂತುವಿಗೂ ಅದಕ್ಕೆ ತಾಗದೆ ನಿಂತಿರುವ ತಣ್ಣನೆಯ ಲೋಹದ ಫಲಕಕ್ಕೂ ನಡುವೆ, ನಿರ್ವಾತದ ಮೂಲಕವೇ ವಿದ್ಯುತ್ತು ಹರಿಯುವ ವಿದ್ಯಮಾನ. ಫಲಕ ತಂತುವಿಗಿಂತ ಹೆಚ್ಚಿನ ಧನ ವಿಭವದಲ್ಲಿದ್ದಾಗ ಮಾತ್ರ ಈ ಪ್ರವಾಹ ಗಣನೀಯವಾಗಿರುತ್ತದೆ. ವಿಭವವನ್ನು ತಿರುಗುಮುರುಗು ಮಾಡಿದರೆ ಬಹುತೇಕ ನಿಂತುಹೋಗುತ್ತದೆ. ಅಮೆರಿಕದ ಥಾಮಸ್ ಆಲ್ವ ಎಡಿಸನ್ (1847–1931) ತನ್ನ ಇಂಗಾಲದ ತಂತುದೀಪಗಳನ್ನು ಸುಧಾರಿಸುವಾಗ 1880ರಲ್ಲಿ ಇದನ್ನು ಗಮನಿಸಿದ. 1883ರಲ್ಲಿ ಇದನ್ನೇ ಆಧರಿಸಿದ ಉಪಕರಣಕ್ಕೆ ಪೇಟೆಂಟ್ ಕೋರಿದ. ಕಾದ ವಸ್ತುವಿನಿಂದ ಎಲೆಕ್ಟ್ರಾನುಗಳು ಹೊರಬೀಳುವುದೇ ಇದರ ಕಾರಣವೆಂದು ಖಚಿತವಾಗಲು ಆ ಶತಮಾನ ಮುಗಿಯಬೇಕಾಯಿತು. ರೇಡಿಯೊ ವಾಲ್ವು, ಎಕ್ಸ್-ಕಿರಣ ನಳಿಗೆ, ಟಿ.ವಿ. ಚಿತ್ರನಳಿಗೆ ಮೊದಲಾದ ನಿರ್ವಾತ ಸಾಧನಗಳೆಲ್ಲ ಈ ಪರಿಣಾಮದ ಮೇಲೆ ನಿಂತಿವೆ.

ಪರಿಭಾಷೆ

ಈ ಲೇಖನದಲ್ಲಿ ತಂತು ಎಂದರೆ ವಿದ್ಯುತ್ತು ಹಾಯ್ದು ಬೆಳಗುವ ಎಳೆ. ಆರಂಭದ ದೀಪಗಳಲ್ಲಿ ಅದು ಹೇರ್‌ಪಿನ್ನಿನಂತೆ ಬಾಗಿರುತ್ತಿತ್ತು. ಅದರ ಎರಡು ಬದಿಗಳನ್ನು ಕಾಲುಗಳೆಂದೂ, ಪೂರೈಕೆಯ ಧನ ತುದಿಗೆ ಸೇರಿದ್ದನ್ನು ಧನ ಕಾಲು, ಋಣ ತುದಿಗೆ ಸೇರಿದ್ದನ್ನು ಋಣ ಕಾಲು ಎಂದೂ ಕರೆಯಲಾಗಿದೆ. ಫಲಕ ಎಂದರೆ ಬುರುಡೆಯೊಳಗೆ ಪ್ರತ್ಯೇಕವಾಗಿ ಕೂರಿಸಿದ ಮೂರನೆಯ ವಾಹಕ. ಕಾದ ಮೇಲ್ಮೈಯಿಂದ ಎಲೆಕ್ಟ್ರಾನು ಹೊರಬೀಳುವ ಮೂಲಭೂತ ಕ್ರಿಯೆಗೆ ಥರ್ಮಿಯಾನಿಕ್ ಉತ್ಸರ್ಜನೆ ಎಂದೂ, ದೀಪದ ಬುರುಡೆಯಲ್ಲಿ ಅದರಿಂದ ಕಂಡುಬರುವ ಏಕಮುಖ ಪ್ರವಾಹಕ್ಕೆ ಎಡಿಸನ್ ಪರಿಣಾಮ ಎಂದೂ ಹೆಸರು. ಬಳಕೆಯಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳುವುದುಂಟು.

ಹಿನ್ನೆಲೆ

ಕಾದ ವಸ್ತುವಿನ ಸುತ್ತಲಿನ ಗಾಳಿ ವಿದ್ಯುತ್ತನ್ನು ಸಾಗಿಸುತ್ತದೆಂಬುದು ಹದಿನೆಂಟನೆಯ ಶತಮಾನದಲ್ಲೇ ತಿಳಿದಿತ್ತು. 1853ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಕಾದ ವಿದ್ಯುದ್ವಾರಗಳ ನಡುವಿನ ಅನಿಲಗಳಲ್ಲಿ ಇದನ್ನು ಅಳೆದ. 1873ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಗತ್ರಿ ಕೆಂಪಗೆ ಕಾದ ಕಬ್ಬಿಣದ ಗುಂಡು ಧನ ಮತ್ತು ಋಣ ವಿದ್ಯುದಾವೇಶಗಳೆರಡನ್ನೂ ಒಂದೇ ರೀತಿ ಹಿಡಿದಿಟ್ಟುಕೊಳ್ಳುವುದಿಲ್ಲವೆಂದು ತೋರಿಸಿದ. ಎರಡು ಆವೇಶಗಳ ನಡುವಣ ಈ ಭೇದಭಾವ ಮುಂದಿನ ಕಥೆಗೆ ಮುಖ್ಯವಾದದ್ದು. ಆದರೆ ಗತ್ರಿಯ ಗುಂಡು ಬಯಲ ಗಾಳಿಯಲ್ಲಿತ್ತು. ಅಲ್ಲಿ ಅನಿಲದ ಅಯಾನುಗಳೂ ಬೆರೆತಿದ್ದರಿಂದ ಕಾದ ವಸ್ತುವಿನದು ಯಾವುದು, ಗಾಳಿಯದು ಯಾವುದು ಎಂದು ಬೇರ್ಪಡಿಸುವಂತಿರಲಿಲ್ಲ.

ಒಳ್ಳೆಯ ನಿರ್ವಾತ, ಅದರೊಳಗೆ ಗಂಟೆಗಟ್ಟಲೆ ಬಿಳಿಗಾವಿನಲ್ಲಿ ನಿಲ್ಲುವ ವಾಹಕ, ಗಾಜಿನೊಳಗೆ ತಂತಿಯನ್ನು ಗಾಳಿ ನುಸುಳದಂತೆ ಬೆಸೆಯುವ ಕೌಶಲ: ಈ ಮೂರನ್ನೂ ಒಟ್ಟಿಗೆ ತಂದದ್ದು ಪ್ರಯೋಗಶಾಲೆಯ ಭೌತವಿಜ್ಞಾನವಲ್ಲ, ದೀಪದ ಉದ್ಯಮ. ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನ ತನ್ನ ಪ್ರಯೋಗಶಾಲೆಯಲ್ಲಿ ಎಡಿಸನ್ 1879ರ ಅಕ್ಟೋಬರಿನಲ್ಲಿ ಸುಟ್ಟು ಇಂಗಾಲವಾಗಿಸಿದ ಹತ್ತಿನೂಲಿನ ತಂತುವನ್ನು ಬಹುಹೊತ್ತು ಉರಿಸುವುದರಲ್ಲಿ ಯಶಸ್ವಿಯಾದ. ಈ ದೀಪದ ಅಮೆರಿಕನ್ ಪೇಟೆಂಟ್ (ಸಂಖ್ಯೆ 2,23,898) 1880ರ ಜನವರಿ 27ರಂದು ದೊರೆಯಿತು. ನೂಲಿನ ನಂತರ ರಟ್ಟು, ರಟ್ಟಿನ ನಂತರ ಜಪಾನಿನ ಬಿದಿರು ತಂತುವಿನ ಮೂಲವಸ್ತುವಾಯಿತು. ಪಾದರಸ ಹನಿಸಿ ಗಾಳಿಯನ್ನು ಎಳೆಯುವ ಸ್ಪ್ರೆಂಗೆಲ್ ಪಂಪಿನಿಂದ ಬುರುಡೆಯೊಳಗಿನ ಒತ್ತಡವನ್ನು ವಾಯುಮಂಡಲದ ಸುಮಾರು ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಸಲಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಇದೇ ಕಾಲದಲ್ಲಿ ಇಂಥವೇ ದೀಪಗಳನ್ನು ಮಾಡುತ್ತಿದ್ದ.

ಬುರುಡೆ ಕಪ್ಪಾಗುವ ಸಮಸ್ಯೆ

ಇಂಗಾಲದ ತಂತುದೀಪಕ್ಕೆ ಎರಡು ರೋಗಗಳಿದ್ದವು. ತಂತು ಒಂದು ಜಾಗದಲ್ಲಿ ತೆಳುವಾಗಿ ಮುರಿಯುತ್ತಿತ್ತು; ಮುರಿಯುವ ಮುನ್ನವೇ ಬುರುಡೆಯ ಒಳಮೈಗೆ ಮಸಿಯಂಥ ಕಪ್ಪು ಲೇಪ ಕೂತು ಬೆಳಕು ಕುಗ್ಗುತ್ತಿತ್ತು. ಲೇಪ ಇಂಗಾಲದ್ದು, ತಂತುವಿನಿಂದಲೇ ಆವಿಯಾಗಿ ಬಂದದ್ದು ಎಂಬುದು ಬೇಗ ತಿಳಿಯಿತು. ವಿಚಿತ್ರವೆಂದರೆ ಅದು ಸಮನಾಗಿ ಹರಡಿರುತ್ತಿರಲಿಲ್ಲ. ಕೆಲವು ಬುರುಡೆಗಳಲ್ಲಿ ತಂತುವಿನ ಸಮತಲದಲ್ಲಿ ಕಿರಿದಾದ ಒಂದು ಗೆರೆ ಮಾತ್ರ ಕಪ್ಪಾಗದೆ ತಿಳಿಯಾಗಿ ಉಳಿಯುತ್ತಿತ್ತು. ಒಂದು ಕಾಲಿನಿಂದ ಹೊರಟ ಕಣಗಳು ನೇರಗೆರೆಯಲ್ಲಿ ಸಾಗುವಾಗ ಇನ್ನೊಂದು ಕಾಲು ಅಡ್ಡ ನಿಂತು ಗಾಜಿನ ಮೇಲೆ ನೆರಳು ಚೆಲ್ಲಿದಂತೆ ಇದು ಕಾಣುತ್ತಿತ್ತು. ಎಡಿಸನ್ನನ ಸಹಾಯಕ ವಿಲಿಯಂ ಹ್ಯಾಮರ್ ಗುರುತಿಸಿದ್ದರಿಂದ ಇದಕ್ಕೆ ಹ್ಯಾಮರನ ಛಾಯಾಭೂತ ಎಂಬರ್ಥದ ಹೆಸರೂ ಇತ್ತು.

ನೇರಗೆರೆಯ ಚಲನೆಗೆ ಕಾರಣ ಸರಳ. ಅಷ್ಟು ಕಡಿಮೆ ಒತ್ತಡದಲ್ಲಿ ಆವಿಯ ಕಣವೊಂದು ಮತ್ತೊಂದು ಕಣಕ್ಕೆ ಡಿಕ್ಕಿಯಾಗುವ ಮೊದಲೇ ಗಾಜನ್ನು ಮುಟ್ಟುತ್ತದೆ. ಆದರೆ ಈ ನೆರಳು ಎಡಿಸನ್ನನಲ್ಲೂ ಅವನ ನಂತರದವರಲ್ಲೂ ಒಂದು ಗಟ್ಟಿ ಊಹೆಯನ್ನು ಬಿತ್ತಿತು: ತಂತುವಿನಿಂದ ಹಾರುವ ಇಂಗಾಲವೇ ವಿದ್ಯುದಾವೇಶವನ್ನು ಹೊತ್ತೊಯ್ಯುತ್ತದೆ ಎಂದು. ಮೆನ್ಲೋ ಪಾರ್ಕಿನಲ್ಲಿ ಈ ವಿದ್ಯಮಾನವನ್ನು ಇಂಗಾಲ ಸಾಗಣೆ ಎಂಬರ್ಥದ ಮಾತಿನಿಂದಲೇ ಸೂಚಿಸುತ್ತಿದ್ದರು. ಒಂದೇ ಬುರುಡೆಯಲ್ಲಿ ಒಟ್ಟಿಗೆ ನಡೆಯುತ್ತಿದ್ದ ಎರಡು ಬೇರೆ ಕ್ರಿಯೆಗಳನ್ನು, ಅಂದರೆ ಇಂಗಾಲದ ಪರಮಾಣುಗಳು ಆವಿಯಾಗುವುದನ್ನೂ ಎಲೆಕ್ಟ್ರಾನುಗಳು ಹೊರಬೀಳುವುದನ್ನೂ, ಒಂದೇ ಎಂದು ಭಾವಿಸಿದ್ದು ವಿವರಣೆಯನ್ನು ಎರಡು ದಶಕ ತಡೆಹಿಡಿದ ಮುಖ್ಯ ಕಾರಣಗಳಲ್ಲೊಂದು. 1880ರಲ್ಲಿ ಎಲೆಕ್ಟ್ರಾನ್ ಎಂಬ ಕಣದ ಕಲ್ಪನೆಯೇ ಇರಲಿಲ್ಲವಾದ್ದರಿಂದ ಈ ಊಹೆಯನ್ನು ತಪ್ಪೆಂದು ಹಳಿಯುವಂತಿಲ್ಲ.

ಎಡಿಸನ್ನನ ಪ್ರಯೋಗಗಳು

1880ರ ಫೆಬ್ರವರಿ 13ರಂದು ಎಡಿಸನ್ ಈ ಪರಿಣಾಮವನ್ನು ಮೊದಲು ಕಂಡನೆಂದು ದಾಖಲೆಯಾಗಿದೆ. ಕಪ್ಪು ಲೇಪವನ್ನು ತಡೆಯುವ ಅಥವಾ ಬೇರೆಡೆಗೆ ಸೆಳೆಯುವ ಉದ್ದೇಶದಿಂದ ಬುರುಡೆಯೊಳಗೆ ಹೆಚ್ಚುವರಿಯಾಗಿ ಒಂದು ತಂತಿಯನ್ನು, ಲೋಹದ ತಗಡನ್ನು ಅಥವಾ ತೆಳು ಹಾಳೆಯನ್ನು ಕೂರಿಸಿದ ಹಲವು ದೀಪಗಳನ್ನು ಮಾಡಿಸಲಾಯಿತು. ಫಲಕ ಎಲ್ಲಿಯೂ ತಂತುವಿಗೆ ತಾಗುತ್ತಿರಲಿಲ್ಲ. ಲೇಪದ ಸಮಸ್ಯೆ ಇದರಿಂದ ಬಗೆಹರಿಯಲಿಲ್ಲ. ಫಲಕವನ್ನು ಗ್ಯಾಲ್ವನೋಮೀಟರಿನ ಮೂಲಕ ಹೊರಗಿನ ಮಂಡಲಕ್ಕೆ ಸೇರಿಸಿದಾಗ ಮಾತ್ರ ನಿರೀಕ್ಷಿಸದ ಫಲಿತಾಂಶ ಬಂತು.

ಆ ಜೋಡಣೆ ಹೀಗಿತ್ತು. ತಂತುವಿನ ಎರಡು ತುದಿಗಳಿಗೆ ಎಡಿಸನ್ ವ್ಯವಸ್ಥೆಯ ನೇರ ವಿದ್ಯುತ್ತು, ಸಾಮಾನ್ಯವಾಗಿ 110 ವೋಲ್ಟಿನ ಆಸುಪಾಸಿನದು, ಪೂರೈಕೆಯಾಗುತ್ತದೆ. ಫಲಕದಿಂದ ಹೊರಟ ತಂತಿ ಗ್ಯಾಲ್ವನೋಮೀಟರನ್ನು ಹಾದು ತಂತುವಿನ ಒಂದು ತುದಿಗೆ ಸೇರುತ್ತದೆ. ಅದನ್ನು ಧನ ತುದಿಗೆ ಸೇರಿಸಿದರೆ ಮುಳ್ಳು ಸ್ಪಷ್ಟವಾಗಿ ವಾಲುತ್ತದೆ. ಋಣ ತುದಿಗೆ ಸೇರಿಸಿದರೆ ಅಲುಗುವುದೇ ಅಪರೂಪ. ದೀಪ ಆರಿದ್ದರೆ ಯಾವ ತುದಿಗೆ ಸೇರಿಸಿದರೂ ಏನೂ ಇಲ್ಲ. ತಂತುವಿಗೆ ಕೊಟ್ಟ ವೋಲ್ಟೇಜನ್ನು ಸ್ವಲ್ಪವೇ ಏರಿಸಿದರೂ ಫಲಕದ ಪ್ರವಾಹ ಬಹಳ ಏರುತ್ತದೆ.

ಎಡಿಸನ್ ಹಿಡಿದದ್ದು ಈ ಕೊನೆಯ ಗುಣವನ್ನು. ಆಗ ಅವನ ಮುಂದಿದ್ದದ್ದು ವಿದ್ಯುತ್ ಪೂರೈಕೆಯ ವ್ಯಾಪಾರ. ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರ 1882ರ ಸೆಪ್ಟೆಂಬರ್ 4ರಂದು ಕೆಲಸ ಆರಂಭಿಸಿತ್ತು. ಇಂಥ ಕೇಂದ್ರದಲ್ಲಿ ವೋಲ್ಟೇಜು ಏರಿದರೆ ದೀಪಗಳು ಬೇಗ ಸಾಯುತ್ತವೆ, ಇಳಿದರೆ ಗಿರಾಕಿಗಳು ದೂರುತ್ತಾರೆ. ಸಣ್ಣ ಏರಿಳಿತವನ್ನು ದೊಡ್ಡದಾಗಿ ತೋರಿಸುವ ಸೂಚಕವಾಗಿ ಫಲಕವಿರುವ ದೀಪವನ್ನು ಬಳಸಬಹುದೆಂದು ಅವನು 1883ರ ನವೆಂಬರ್ 15ರಂದು ಅರ್ಜಿ ಸಲ್ಲಿಸಿದ. ವಿದ್ಯುತ್ ಸೂಚಕ ಎಂಬ ಶೀರ್ಷಿಕೆಯ ಈ ಪೇಟೆಂಟ್ (ಸಂಖ್ಯೆ 3,07,031) 1884ರ ಅಕ್ಟೋಬರ್ 21ರಂದು ಮಂಜೂರಾಯಿತು. ಎಲೆಕ್ಟ್ರಾನಿಕ್ ಸಾಧನವೊಂದಕ್ಕೆ ಅಮೆರಿಕದಲ್ಲಿ ದೊರೆತ ಮೊದಲ ಪೇಟೆಂಟ್ ಇದೆಂದು ಹೇಳುವುದುಂಟು.

ಬುರುಡೆಯ ನಿರ್ವಾತದಲ್ಲಿ ಎಲ್ಲಿ ವಾಹಕವನ್ನಿಟ್ಟರೂ, ಅದನ್ನು ತಂತುವಿನ ಒಂದು ತುದಿಗೆ, ಮೇಲಾಗಿ ಧನ ತುದಿಗೆ, ಸೇರಿಸಿದರೆ ಪ್ರವಾಹದ ಒಂದು ಭಾಗ ಆ ದಾರಿಯಲ್ಲಿ ಹರಿಯುತ್ತದೆ ಎಂಬುದೂ, ಅದು ದೀಪದ ಬೆಳಕಿನ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂಬುದೂ ಪೇಟೆಂಟಿನ ಪ್ರತಿಪಾದನೆ. ಮೊದಲನೆಯದು ಸರಿ. ಎರಡನೆಯದು ಅಂದಾಜು ಮಾತ್ರ: ಬೆಳಕೂ ಪ್ರವಾಹವೂ ತಾಪದೊಂದಿಗೆ ಕಡಿದಾಗಿ ಏರುತ್ತವೆ, ಆದರೆ ಒಂದೇ ನಿಯಮಕ್ಕೆ ಒಳಪಟ್ಟಲ್ಲ. ಸೂಚಕವಾಗಿ ಈ ದೀಪ ವ್ಯಾಪಕ ಬಳಕೆಗೆ ಬರಲಿಲ್ಲ. ಒಂದೊಂದು ಬುರುಡೆಯ ನಿರ್ವಾತವೂ ತಂತುವೂ ಬೇರೆಬೇರೆಯಾಗಿದ್ದರಿಂದ ಅಳತೆಯನ್ನು ಬುರುಡೆಯಿಂದ ಬುರುಡೆಗೆ ಹೋಲಿಸುವುದು ಕಷ್ಟವಿತ್ತು. ಎಡಿಸನ್ ಈ ವಿಷಯವನ್ನು ಅಲ್ಲಿಗೇ ಬಿಟ್ಟ.

ಪ್ರಸಾರ ಮತ್ತು ಹೆಸರು

1884ರ ಶರತ್ಕಾಲದಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಪ್ರದರ್ಶನದಲ್ಲಿ ಈ ದೀಪಗಳನ್ನು ಇಡಲಾಗಿತ್ತು. ಆಗತಾನೆ ಹುಟ್ಟಿದ್ದ ಅಮೆರಿಕನ್ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಸಭೆಯಲ್ಲಿ, ಅದೇ ಅಕ್ಟೋಬರಿನಲ್ಲಿ, ಎಡ್ವಿನ್ ಹ್ಯೂಸ್ಟನ್ ಇವುಗಳ ಕುರಿತು ಪ್ರಬಂಧ ಓದಿದ. ಅದು ಆ ಸಂಸ್ಥೆಯ ನಡಾವಳಿಯ ಮೊದಲ ಸಂಪುಟದಲ್ಲಿದೆ. ನಿರ್ವಾತದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂಬ ಪ್ರಶ್ನೆಯನ್ನು ಅವನು ಎತ್ತಿದನೇ ಹೊರತು ಉತ್ತರಿಸಲಿಲ್ಲ.

ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞ ವಿಲಿಯಂ ಪ್ರೀಸ್ ಪ್ರದರ್ಶನದಿಂದ ಕೆಲವು ದೀಪಗಳನ್ನು ಲಂಡನ್ನಿಗೆ ಒಯ್ದು ಅಳತೆಗಳನ್ನು ಮಾಡಿ, 1885ರಲ್ಲಿ ರಾಯಲ್ ಸೊಸೈಟಿಗೆ ವರದಿ ಸಲ್ಲಿಸಿದ. ಎಡಿಸನ್ ಪರಿಣಾಮ ಎಂಬ ಹೆಸರು ಬಂದದ್ದು ಅವನಿಂದ. ತಂತುವಿನಿಂದ ಇಂಗಾಲದ ಕಣಗಳು ಚಿಮ್ಮಿ ಆವೇಶವನ್ನು ಸಾಗಿಸುತ್ತವೆಂಬುದು ಪ್ರೀಸನ ಅಭಿಪ್ರಾಯ. ವಿಲಿಯಂ ಕ್ರೂಕ್ಸ್ 1879ರಲ್ಲಿ ಪ್ರಚುರಪಡಿಸಿದ್ದ ವಿಕಿರಣ ದ್ರವ್ಯದ ಕಲ್ಪನೆ ಇದರ ಹಿಂದಿತ್ತು.

ಫ್ಲೆಮಿಂಗನ ಪರಿಶೋಧನೆಗಳು

ಪರಿಣಾಮವನ್ನು ಬಿಡದೆ ಹಿಂಬಾಲಿಸಿದವನು ಜಾನ್ ಆಂಬ್ರೋಸ್ ಫ್ಲೆಮಿಂಗ್ (1849–1945). ಎಡಿಸನ್ನನ ಲಂಡನ್ ಕಂಪನಿಯ ಸಲಹೆಗಾರನಾಗಿದ್ದ ಅವನು 1883ರಲ್ಲಿಯೇ ಬುರುಡೆಯ ನೆರಳುಗೆರೆಯ ಬಗ್ಗೆ ಬರೆದ. 1885ರಲ್ಲಿ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕನಾದ ಮೇಲೆ ವಿಶೇಷ ದೀಪಗಳನ್ನು ಮಾಡಿಸಿ ಕ್ರಮವಾಗಿ ಪ್ರಯೋಗ ನಡೆಸಿದ. ಫಲಿತಾಂಶಗಳು 1890 ಮತ್ತು 1896ರ ಪ್ರಬಂಧಗಳಲ್ಲಿವೆ. ಆ ಕಾಲದ ಪ್ರಯೋಗಗಳಲ್ಲಿ ಇವೇ ಅತ್ಯಂತ ವ್ಯವಸ್ಥಿತವಾದವು.

ಋಣ ಕಾಲಿನ ಸುತ್ತ ಗಾಜಿನ ಅಥವಾ ಲೋಹದ ಕೊಳವೆ ತೊಡಿಸಿದರೆ ಫಲಕದ ಪ್ರವಾಹ ಬಹುತೇಕ ನಿಲ್ಲುತ್ತದೆ; ಧನ ಕಾಲನ್ನು ಮುಚ್ಚಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಋಣ ಕಾಲಿಗೂ ಫಲಕಕ್ಕೂ ನಡುವೆ ಅಭ್ರಕದ ತೆರೆ ಇಟ್ಟರೂ ಪ್ರವಾಹ ಕಡಿಯುತ್ತದೆ. ಬುರುಡೆಗೆ ಮೊಣಕೈಯಂತೆ ಬಾಗಿದ ಪಕ್ಕದ ಕೊಳವೆ ಬೆಸೆದು ಫಲಕವನ್ನು ಬಾಗಿನಾಚೆ, ತಂತು ಕಾಣದ ಕಡೆ ಇಟ್ಟರೆ ಪ್ರವಾಹ ಅತ್ಯಲ್ಪ. ಇವಿಷ್ಟರಿಂದ ಸಾಗಣೆ ಋಣ ಕಾಲಿನಿಂದ ಹೊರಟು ನೇರಗೆರೆಯಲ್ಲಿ ನಡೆಯುತ್ತದೆಂದೂ, ಸಾಗುವುದು ಋಣ ಆವೇಶವೆಂದೂ ಫ್ಲೆಮಿಂಗ್ ಕಂಡುಕೊಂಡ. ಹೊರಗಿನಿಂದ ಪ್ರತ್ಯೇಕ ಬ್ಯಾಟರಿಯನ್ನು ಸೇರಿಸಿದಾಗ, ಅದರ ಋಣ ತುದಿ ಕಾದ ತಂತುವಿಗೂ ಧನ ತುದಿ ಫಲಕಕ್ಕೂ ಇದ್ದರೆ ಮಾತ್ರ ನಿರ್ವಾತ ವಾಹಕವಾಗುತ್ತದೆಂಬುದು ಅವನ ಇನ್ನೊಂದು ಮುಖ್ಯ ಫಲಿತಾಂಶ. ವಾಹಕವಾಗುವುದು ಒಂದೇ ದಿಕ್ಕಿಗೆ ಎಂಬ ಈ ಗುಣ ಮುಂದೆ ವಾಲ್ವಿಗೆ ತಳಹದಿಯಾಯಿತು. ಆದರೆ ಹೊತ್ತೊಯ್ಯುವ ಕಣ ಇಂಗಾಲದ ಅಣುವೇ ಎಂದು ಅವನು ಆಗಲೂ ನಂಬಿದ್ದ.

ಧನ ಕಾಲನ್ನು ಮುಚ್ಚಿದರೆ ವ್ಯತ್ಯಾಸವಾಗದಿರುವುದಕ್ಕೆ ಈಗಿನ ತಿಳಿವಳಿಕೆಯಂತೆ ಕಾರಣ ವಿಭವದಲ್ಲಿದೆ. ಫಲಕ ಧನ ತುದಿಗೆ ಸೇರಿದಾಗ, ತಂತುವಿನ ಋಣ ಕಾಲಿಗೂ ಫಲಕಕ್ಕೂ ನಡುವಿನ ವಿಭವಾಂತರ ನೂರು ವೋಲ್ಟಿನ ಹತ್ತಿರವಿರುತ್ತದೆ. ಧನ ಕಾಲಿಗೂ ಫಲಕಕ್ಕೂ ನಡುವೆ ಸೊನ್ನೆಯ ಸಮೀಪ. ಎರಡು ಕಾಲುಗಳಿಂದಲೂ ಎಲೆಕ್ಟ್ರಾನುಗಳು ಹೊರಡುತ್ತವೆ, ಆದರೆ ಫಲಕದ ಸೆಳೆತ ಬಲವಾಗಿರುವುದು ಋಣ ಕಾಲಿನವುಗಳ ಮೇಲೆ. ಫಲಕವನ್ನು ಋಣ ತುದಿಗೆ ಸೇರಿಸಿದರೆ ತಂತುವಿನ ಉಳಿದ ಭಾಗವೆಲ್ಲ ಫಲಕಕ್ಕಿಂತ ಧನವಾಗುತ್ತದೆ. ಹೊರಬಿದ್ದ ಎಲೆಕ್ಟ್ರಾನುಗಳು ತಂತುವಿಗೇ ಮರಳುತ್ತವೆ.

ಜರ್ಮನಿಯ ಕೆಲಸ

ಇದೇ ಅವಧಿಯಲ್ಲಿ ಯೋಹಾನ್ ಹಿಟ್ಟೋರ್ಫ್ ಮತ್ತು ಓಯ್ಗೆನ್ ಗೋಲ್ಡ್‌ಸ್ಟೈನ್, ಋಣ ವಿದ್ಯುದ್ವಾರ ಬಿಳಿಗಾವಿನಲ್ಲಿದ್ದರೆ ಅತಿ ನಿರ್ವಾತದಲ್ಲಿಯೂ ಕಡಿಮೆ ವೋಲ್ಟೇಜಿನಿಂದ ವಿದ್ಯುತ್ತು ಹಾಯುತ್ತದೆಂದು ಸ್ವತಂತ್ರವಾಗಿ ತೋರಿಸಿದರು. ವೋಲ್ಫೆನ್‌ಬ್ಯುಟ್ಟೆಲ್ ಎಂಬ ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಯೂಲಿಯಸ್ ಎಲ್‌ಸ್ಟರ್ ಮತ್ತು ಹಾನ್ಸ್ ಗೈಟಲ್ 1882ರಿಂದ 1889ರವರೆಗೆ ಕಾದ ತಂತಿಯ ಬಳಿಯ ಫಲಕ ಪಡೆಯುವ ಆವೇಶವನ್ನು ಅಳೆದರು. ತಾಪ ಕಡಿಮೆಯಿದ್ದಾಗ ಫಲಕಕ್ಕೆ ಧನ ಆವೇಶ, ತಾಪ ಹೆಚ್ಚಿ ಒತ್ತಡ ಇಳಿದಾಗ ಋಣ ಆವೇಶ ಬರುತ್ತದೆಂಬುದು ಅವರ ಫಲಿತಾಂಶ. ದೀಪದ ಉದ್ಯಮದ ಹಂಗಿಲ್ಲದೆ ನಡೆದ ಈ ಕೆಲಸಕ್ಕೆ ಜನಪ್ರಿಯ ಇತಿಹಾಸಗಳಲ್ಲಿ ಸಿಕ್ಕ ಜಾಗ ಅದರ ತೂಕಕ್ಕಿಂತ ಕಡಿಮೆ.

ವಿವರಣೆ

1897ರಲ್ಲಿ ಜೆ. ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳ ಕಣದ ಆವೇಶ ಮತ್ತು ದ್ರವ್ಯರಾಶಿಗಳ ಅನುಪಾತವನ್ನು ಅಳೆದ. 1899ರಲ್ಲಿ ಬೆಳಗುವ ಇಂಗಾಲದ ತಂತುವಿನಿಂದ ಹೊರಬೀಳುವ ಋಣ ಕಣಗಳಿಗೂ ಅದೇ ಅನುಪಾತವೆಂದು ತೋರಿಸಿದ. ಇಂಗಾಲದ ಪರಮಾಣುವಾಗಿದ್ದರೆ ಅನುಪಾತ ಸಾವಿರಾರು ಪಟ್ಟು ಕಡಿಮೆ ಬರಬೇಕಿತ್ತು. ಆವೇಶವನ್ನು ಸಾಗಿಸುವುದು ಇಂಗಾಲವಲ್ಲ, ಎಲೆಕ್ಟ್ರಾನು ಎಂಬುದು ಇಲ್ಲಿಗೆ ಇತ್ಯರ್ಥವಾಯಿತು.

ಎಷ್ಟು ಎಲೆಕ್ಟ್ರಾನುಗಳು ಎಂಬುದನ್ನು ನಿಯಮಕ್ಕೆ ತಂದವನು ಓವನ್ ರಿಚರ್ಡ್‌ಸನ್. ಲೋಹದೊಳಗೆ ಸ್ವಚ್ಛಂದವಾಗಿ ಚಲಿಸುವ ಎಲೆಕ್ಟ್ರಾನುಗಳಲ್ಲಿ, ಮೇಲ್ಮೈಯ ತಡೆಯನ್ನು ದಾಟುವಷ್ಟು ಶಕ್ತಿಯುಳ್ಳವು ಮಾತ್ರ ಹೊರಬೀಳುತ್ತವೆ ಎಂಬ ತರ್ಕದಿಂದ 1901ರಲ್ಲಿ ಅವನು ಸೂತ್ರವನ್ನು ಮಂಡಿಸಿದ. ದಾಟಲು ಬೇಕಾದ ಕನಿಷ್ಠ ಶಕ್ತಿಗೆ ಕಾರ್ಯ ಫಲನ ಎಂದು ಹೆಸರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಪ್ರವಾಹದ ಸಾಂದ್ರತೆ ನಿರಪೇಕ್ಷ ತಾಪದ ವರ್ಗಕ್ಕೂ, ಕಾರ್ಯ ಫಲನವನ್ನು ತಾಪದಿಂದ ಭಾಗಿಸಿ ಬಂದದ್ದರ ಋಣ ಘಾತೀಯ ಪದಕ್ಕೂ ಅನುಪಾತದಲ್ಲಿರುತ್ತದೆ. ಘಾತೀಯ ಪದವೇ ಪ್ರಬಲ. ಟಂಗ್‌ಸ್ಟನ್ನಿನ ಕಾರ್ಯ ಫಲನ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್. 2,000 ಕೆಲ್ವಿನ್ನಿನಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 1 ಮಿಲಿಆಂಪಿಯರ್ ಕೊಟ್ಟರೆ 2,500 ಕೆಲ್ವಿನ್ನಿನಲ್ಲಿ ಸುಮಾರು 300 ಮಿಲಿಆಂಪಿಯರ್ ಕೊಡುತ್ತದೆ. ತಾಪ ಕಾಲುಭಾಗ ಏರಿದರೆ ಪ್ರವಾಹ ಮುನ್ನೂರು ಪಟ್ಟಾಗುವ ಈ ಸ್ವಭಾವವನ್ನೇ ಎಡಿಸನ್ ಸೂಚಕವಾಗಿ ಬಳಸಹೊರಟದ್ದು. ಈ ಕೆಲಸಕ್ಕೆ ರಿಚರ್ಡ್‌ಸನ್ನನಿಗೆ 1928ನೆಯ ಸಾಲಿನ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ಥರ್ಮಿಯಾನಿಕ್ ಎಂಬ ಪದವೂ ಅವನದೇ.

ಆಮೇಲೂ ಒಂದು ಸಂದೇಹ ಉಳಿದಿತ್ತು. ನಿರ್ವಾತ ಹೆಚ್ಚಿದಂತೆ ಪ್ರವಾಹ ಬದಲಾಗುತ್ತಿದ್ದುದರಿಂದ, ಉತ್ಸರ್ಜನೆಗೆ ಬುರುಡೆಯಲ್ಲಿ ಉಳಿದ ಅನಿಲವೇ ಕಾರಣ, ಪೂರ್ಣ ನಿರ್ವಾತದಲ್ಲಿ ಅದು ಇರಲಾರದು ಎಂದು ಕೆಲವರು ವಾದಿಸಿದರು. 1913ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಟಂಗ್‌ಸ್ಟನ್ ತಂತು ಮತ್ತು ಅತ್ಯುತ್ತಮ ನಿರ್ವಾತ ಬಳಸಿ ಇದನ್ನು ಅಲ್ಲಗಳೆದ. ಅನಿಲ ಹೋದರೂ ಉತ್ಸರ್ಜನೆ ಉಳಿಯುತ್ತದೆ. ಆದರೆ ಹೊರಬಿದ್ದ ಎಲೆಕ್ಟ್ರಾನುಗಳು ತಂತುವಿನ ಸುತ್ತ ಕವಿದು ಹಿಂದಿನವನ್ನು ತಳ್ಳುತ್ತವೆ. ಅವಕಾಶಾವೇಶ ಎನಿಸಿಕೊಂಡ ಇದೇ ಪ್ರವಾಹಕ್ಕೆ ಮಿತಿ ಹಾಕುತ್ತದೆ.

ಪ್ರವಾಹದ ಬಗೆಗಳು

ಫಲಕದ ವಿಭವಕ್ಕೆ ತಕ್ಕಂತೆ ಮೂರು ಸ್ಥಿತಿಗಳುಂಟು. ಫಲಕ ಋಣವಾಗಿದ್ದರೆ ಅತಿ ವೇಗದ ಕೆಲವೇ ಎಲೆಕ್ಟ್ರಾನುಗಳು ತಲುಪುತ್ತವೆ. ಧನ ವಿಭವ ಸಾಧಾರಣವಾಗಿದ್ದಾಗ ಪ್ರವಾಹ ವೋಲ್ಟೇಜಿನ ಒಂದೂವರೆ ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. ಇದು 1911ರ ಚೈಲ್ಡ್ ಮತ್ತು ಅನಂತರದ ಲ್ಯಾಂಗ್‌ಮ್ಯೂರ್ ನಿಯಮ. ವಿಭವ ಇನ್ನೂ ಏರಿದರೆ ಹೊರಬಿದ್ದ ಎಲ್ಲ ಎಲೆಕ್ಟ್ರಾನುಗಳೂ ಫಲಕ ಸೇರುತ್ತವೆ. ಆಗ ಪ್ರವಾಹವನ್ನು ನಿರ್ಧರಿಸುವುದು ತಂತುವಿನ ತಾಪ ಮಾತ್ರ.

ಉತ್ಸರ್ಜಕ ವಸ್ತುಗಳಲ್ಲಿ ಇಂಗಾಲ ಬೇಗ ಹಿಂದೆ ಸರಿಯಿತು. ಶುದ್ಧ ಟಂಗ್‌ಸ್ಟನ್ 2,500 ಕೆಲ್ವಿನ್ ಸುಮಾರಿಗೆ ಕೆಲಸ ಮಾಡುತ್ತದೆ. ಥೋರಿಯಂ ಬೆರೆಸಿದರೆ 2,000 ಕೆಲ್ವಿನ್ ಸಾಕು. 1903–04ರಲ್ಲಿ ಆರ್ತುರ್ ವೇನೆಲ್ಟ್ ಕಂಡುಹಿಡಿದ, ಬೇರಿಯಂ ಮೊದಲಾದ ಲೋಹಗಳ ಆಕ್ಸೈಡು ಲೇಪಿಸಿದ ಉತ್ಸರ್ಜಕಕ್ಕೆ ಸುಮಾರು 1,000 ಕೆಲ್ವಿನ್ ಸಾಕಾಗುತ್ತದೆ.

ಉಪಯೋಗಗಳು

1899ರಿಂದ ಮಾರ್ಕೋನಿ ಕಂಪನಿಯ ಸಲಹೆಗಾರನಾಗಿದ್ದ ಫ್ಲೆಮಿಂಗನಿಗೆ ನಿಸ್ತಂತು ಸಂಕೇತಗಳನ್ನು ಗ್ಯಾಲ್ವನೋಮೀಟರಿನಲ್ಲಿ ಕಾಣುವಂತೆ ಮಾಡಬೇಕಿತ್ತು. ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ಆಂದೋಲನಕ್ಕೆ ಮುಳ್ಳು ಸ್ಪಂದಿಸದು. 1904ರಲ್ಲಿ ಅವನು ತನ್ನ ಹಳೆಯ ಎಡಿಸನ್ ಪರಿಣಾಮದ ದೀಪಗಳನ್ನೇ ಮಂಡಲಕ್ಕೆ ಸೇರಿಸಿ, ಒಂದು ದಿಕ್ಕಿನ ಪ್ರವಾಹವನ್ನಷ್ಟೇ ಹಾಯಲು ಬಿಟ್ಟ. ಇದರ ಬ್ರಿಟಿಷ್ ಪೇಟೆಂಟ್ (ಸಂಖ್ಯೆ 24,850) ಅರ್ಜಿಯ ದಿನಾಂಕ 1904ರ ನವೆಂಬರ್ 16. ನೀರಿನ ಕವಾಟದಂತೆ ಒಂದೇ ಕಡೆಗೆ ಬಿಡುವುದರಿಂದ ಅವನು ಇದನ್ನು ವಾಲ್ವ್ ಎಂದು ಕರೆದ. ಎರಡು ವಿದ್ಯುದ್ವಾರಗಳ ಈ ಸಾಧನವೇ ಡಯೋಡು.

1906ರಲ್ಲಿ ಲೀ ಡಿ ಫಾರೆಸ್ಟ್ ಆಡಿಯಾನ್ ಎಂಬ ಸಾಧನವನ್ನು ಪ್ರಕಟಿಸಿ, ಮುಂದೆ ತಂತುವಿಗೂ ಫಲಕಕ್ಕೂ ನಡುವೆ ಜಾಲರಿ ಕೂರಿಸಿದ. ಜಾಲರಿಯ ಮೇಲಿನ ಸಣ್ಣ ವಿಭವದಿಂದ ಫಲಕದ ದೊಡ್ಡ ಪ್ರವಾಹವನ್ನು ಹಿಡಿತದಲ್ಲಿಡುವ ಈ ಟ್ರಯೋಡಿನಿಂದ ವರ್ಧಕಗಳು ಸಾಧ್ಯವಾದವು. ಆಡಿಯಾನ್ ಫ್ಲೆಮಿಂಗನ ಪೇಟೆಂಟನ್ನು ಉಲ್ಲಂಘಿಸುತ್ತದೆಂದು ಅಮೆರಿಕದ ನ್ಯಾಯಾಲಯ 1916ರಲ್ಲಿ ತೀರ್ಪಿತ್ತಿತು; ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1943ರಲ್ಲಿ ಫ್ಲೆಮಿಂಗನ ಪೇಟೆಂಟೇ ಅಸಿಂಧುವೆಂದಿತು. 1913ರಲ್ಲಿ ವಿಲಿಯಂ ಕೂಲಿಜ್ ಕಾದ ತಂತುವಿನ ಎಕ್ಸ್-ಕಿರಣ ನಳಿಗೆಯನ್ನು ರಚಿಸಿದ. ರೇಡಿಯೊ, ದೂರವಾಣಿ ವರ್ಧಕ, ರೇಡಾರ್, ಟಿ.ವಿ. ಮತ್ತು ಮೊದಲ ಗಣಕಯಂತ್ರಗಳು ಇದೇ ತತ್ತ್ವದ ನಳಿಗೆಗಳಿಂದ ನಡೆದವು. ಅಮೆರಿಕದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಳಿಗೆಗಳಿದ್ದವು.

ಕರ್ನಾಟಕದಲ್ಲಿ ಈ ತಂತ್ರಜ್ಞಾನ ಉದ್ಯಮವಾಗಿ ನೆಲೆಗೊಂಡದ್ದು 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ. ಅಲ್ಲಿ ತಯಾರಾದ ವಾಲ್ವುಗಳು 1960ರ ದಶಕದಿಂದ ಭಾರತದ ರೇಡಿಯೊಗಳಲ್ಲಿ ಬಳಕೆಯಾದವು. ಮುಂದೆ ಪ್ರಸಾರ ಕೇಂದ್ರಗಳ ದೊಡ್ಡ ನಳಿಗೆಗಳೂ ಟಿ.ವಿ. ಚಿತ್ರನಳಿಗೆಗಳೂ ತಯಾರಾದವು.

ಈಗಿನ ಸ್ಥಿತಿ

1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಸಣ್ಣ ವಾಲ್ವುಗಳು ಕ್ರಮೇಣ ಮೂಲೆಗುಂಪಾದವು. ಚಪ್ಪಟೆ ಪರದೆಗಳು ಚಿತ್ರನಳಿಗೆಯನ್ನೂ, ಎಲ್‌ಇಡಿಗಳು ತಂತುದೀಪವನ್ನೂ ಬದಿಗೆ ಸರಿಸಿವೆ. ಆಸ್ಪತ್ರೆಗಳ ಎಕ್ಸ್-ಕಿರಣ ಮತ್ತು ಸಿ.ಟಿ. ಯಂತ್ರಗಳು, ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನ್, ಸಂಪರ್ಕ ಉಪಗ್ರಹಗಳ ಕೆಲವು ವರ್ಧಕ ನಳಿಗೆಗಳು, ಹಲವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಈಗಲೂ ಥರ್ಮಿಯಾನಿಕ್ ಉತ್ಸರ್ಜನೆಯನ್ನೇ ಅವಲಂಬಿಸಿವೆ. ಶಾಖವನ್ನು ಯಂತ್ರಭಾಗಗಳಿಲ್ಲದೆ ನೇರವಾಗಿ ವಿದ್ಯುತ್ತಾಗಿಸುವ ಥರ್ಮಿಯಾನಿಕ್ ಪರಿವರ್ತಕಗಳನ್ನು ಸೋವಿಯತ್ ಒಕ್ಕೂಟ 1987ರಲ್ಲಿ ಎರಡು ಉಪಗ್ರಹಗಳ ಪರಮಾಣು ರಿಯಾಕ್ಟರುಗಳಲ್ಲಿ ಹಾರಿಸಿತು. ಕಾರ್ಯ ಫಲನ ಕಡಿಮೆಯಿರುವ ಉತ್ಸರ್ಜಕಗಳ ಹುಡುಕಾಟ ಈ ದಿಕ್ಕಿನಲ್ಲಿ ಇನ್ನೂ ನಡೆದಿದೆ.